ಕಿವಿಗೆ ಶಬ್ದ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮದು ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವೆ ನಮ್ಮ ಸಂಸಾರ. ಯಜಮಾನರು ಮದುವೆಗೆ ಮುಂಚಿನಿಂದಲೂ ನೇಯುತ್ತಿದ್ದಾರೆ. "ಕಿವಿಗೆ ಒಗ್ಗಿಹೋಗಿದೆ, ಏನೂ ಆಗಲ್ಲ" ಅನ್ನುತ್ತಾರೆ. ಆದರೆ ಮೆಲ್ಲಗೆ ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲ, ಸ್ವಲ್ಪ ಜೋರು ಮಾಡಿದರೆ "ಯಾಕೆ ಹಂಗೆ ಕಿರುಚ್ತೀಯಾ" ಅಂತ ರೇಗುತ್ತಾರೆ. ಮಗ ದಿನಾ ಯಲಹಂಕಕ್ಕೆ ಕೆಲಸಕ್ಕೆ ಹೋಗಿಬರುತ್ತಾನೆ, ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಕಿವಿಯಲ್ಲಿ ಇಯರ್‌ಫೋನ್. ಈಗ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಎರಡು ತಿಂಗಳ ಕೂಸಿದೆ. ಎಷ್ಟು ಶಬ್ದದವರೆಗೆ ಕಿವಿಗೆ ತೊಂದರೆಯಿಲ್ಲ? ಅದಕ್ಕೊಂದು ಲೆಕ್ಕ ಇದೆಯೇ? ಮಿಕ್ಸಿ, ಕುಕ್ಕರ್, ಹಬ್ಬದ ಡಿಜೆ, ಪಟಾಕಿ ಇವೆಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆಯೇ?

— ಒಬ್ಬ ಓದುಗರು, ದೊಡ್ಡಬಳ್ಳಾಪುರ

ಉತ್ತರ: ಲೆಕ್ಕ ಇದೆ, ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಕೊಡಬೇಕು. ಗದ್ದಲದ ನಡುವೆ ಬದುಕುವ ಬಹುಪಾಲು ಜನ ಹೇಳುವ ಮಾತು ಅದು, ಕಿವಿ ಕೆಡುವುದೂ ಆ ಮಾತಿನ ಮರೆಯಲ್ಲೇ. ಜೋರು ಶಬ್ದಕ್ಕೆ ಮನಸ್ಸು ಒಗ್ಗುತ್ತದೆ, ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಕಿವಿ ಒಗ್ಗುವುದಿಲ್ಲ. ಮೊದಲ ದಿನ ಎಷ್ಟು ಏಟು ತಿಂದಿತ್ತೋ ಇವತ್ತೂ ಅಷ್ಟೇ ತಿನ್ನುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಲೆ ಸಿಡಿಯುವಂತಿದ್ದ ಮಗ್ಗದ ಸದ್ದು ಈಗ ಏನೂ ಅನ್ನಿಸುತ್ತಿಲ್ಲ ಎಂದರೆ, ಕಿವಿಯೇ ಕಡಿಮೆ ಕೇಳುತ್ತಿದೆ ಎಂಬುದೂ ಅದಕ್ಕೊಂದು ಕಾರಣ.

ಈ ಸಂಗತಿ ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝ್ಝಿನಿ 18ನೇ ಶತಮಾನದ ಆರಂಭದಲ್ಲೇ, ದಿನವಿಡೀ ತಾಮ್ರದ ಪಾತ್ರೆ ಬಡಿಯುವವರು ವಯಸ್ಸಾಗುತ್ತ ಕಿವುಡಾಗುವುದನ್ನು ಬರೆದಿಟ್ಟಿದ್ದರು. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಬಾಯ್ಲರ್ ತಯಾರಿಸುವ 100 ಕಾರ್ಮಿಕರ ಕಿವಿ ಪರೀಕ್ಷಿಸಿದರು. ಅವರಲ್ಲಿ ಒಬ್ಬರಿಗೂ ಸರಿಯಾದ ಶ್ರವಣಶಕ್ತಿ ಉಳಿದಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್ ಹತ್ತಿ ಗಿರಣಿಗಳ ನೇಕಾರ ಹೆಂಗಸರಂತೂ ಬಾಯಿಯನ್ನು ಅಗಲವಾಗಿ ಆಡಿಸಿ, ಒಬ್ಬರ ತುಟಿ ಒಬ್ಬರು ನೋಡಿ ಮಾತಾಡುವ ಒಂದು ಪದ್ಧತಿಯನ್ನೇ ಕಟ್ಟಿಕೊಂಡಿದ್ದರು. ಗಿರಣಿಯೊಳಗೆ ಅದು ಅನಿವಾರ್ಯವಾಗಿತ್ತು, ಕಿವಿ ಹೋದ ಮೇಲೆ ಮನೆಯಲ್ಲೂ ಅದೇ ಗತಿಯಾಯಿತು.

ಒಳಗಿವಿಯಲ್ಲಿ ಏನಾಗುತ್ತದೆಂದು ತಿಳಿದರೆ ನೀವು ಬರೆದ ಎರಡೂ ಲಕ್ಷಣಗಳು ಅರ್ಥವಾಗುತ್ತವೆ. ಕಿವಿಯ ತಮಟೆಯ ಕಂಪನವನ್ನು ಮೂರು ಪುಟ್ಟ ಎಲುಬುಗಳು ಒಳಕ್ಕೆ ದಾಟಿಸುತ್ತವೆ. ಅಲ್ಲಿ ಶಂಖದ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ಒಂದು ನಾಳವಿದೆ. ಅದಕ್ಕೆ ಕಾಕ್ಲಿಯಾ ಎಂದು ಹೆಸರು. ಅದರ ಉದ್ದಕ್ಕೂ ರೋಮಕೋಶಗಳು ಸಾಲುಗಟ್ಟಿ ನಿಂತಿವೆ, ಒಂದು ಕಿವಿಗೆ ಸುಮಾರು 15,000. ಒಳಸಾಲಿನ 3,500ರಷ್ಟು ಕೋಶಗಳು ಮಿದುಳಿಗೆ ಸುದ್ದಿ ಕಳಿಸುತ್ತವೆ. ಹೊರಸಾಲುಗಳ 12,000ದಷ್ಟು ಕೋಶಗಳದ್ದು ಬೇರೆ ಕೆಲಸ: ಸಣ್ಣ ಸದ್ದನ್ನು ಹಿಗ್ಗಿಸಿ ಒಳಸಾಲಿಗೆ ಮುಟ್ಟಿಸುವುದು. ಜೋರು ಶಬ್ದಕ್ಕೆ ಮೊದಲು ಸಾಯುವುದು ಈ ಹೊರಸಾಲಿನವು. ಹುಟ್ಟಿದಾಗ ಎಷ್ಟಿದ್ದವೋ ಅಷ್ಟೇ, ಸತ್ತ ಕೋಶದ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಕೋಳಿಗೆ ಬರುತ್ತದೆ, ಅದರ ಒಳಗಿವಿಯಲ್ಲಿ ಹೊಸ ರೋಮಕೋಶ ಬೆಳೆಯುತ್ತದೆಂದು 1980ರ ದಶಕದಲ್ಲಿ ಕಂಡುಕೊಂಡರು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಯಾವ ಮಾತ್ರೆಯಿಂದಲೂ, ಯಾವ ಎಣ್ಣೆಯಿಂದಲೂ ಅದು ಆಗುವುದಿಲ್ಲ.

ಹೊರಸಾಲು ಸತ್ತರೆ ಸಣ್ಣ ಸದ್ದನ್ನು ಹಿಗ್ಗಿಸುವವರು ಯಾರೂ ಇಲ್ಲ, ಹಾಗಾಗಿ ನಿಮ್ಮ ಮೆಲುಮಾತು ಅವರಿಗೆ ಮುಟ್ಟುವುದಿಲ್ಲ. ಆದರೆ ಒಳಸಾಲು ಇನ್ನೂ ಗಟ್ಟಿಯಾಗಿರುವುದರಿಂದ ದನಿ ಒಂದು ಮಟ್ಟ ದಾಟಿದ್ದೇ ಇದ್ದಷ್ಟೂ ಜೋರಾಗಿ ಕೇಳಿಸುತ್ತದೆ. ಕೇಳಿಸದ್ದಕ್ಕೂ ಕಿರುಚಿದಂತಾಗುವುದಕ್ಕೂ ನಡುವೆ ಇರಬೇಕಾದ ಅಗಲ ಕುಗ್ಗಿಹೋಗಿದೆ. ಅವರು ಬೇಕೆಂದು ರೇಗುತ್ತಿಲ್ಲ, ನೀವೂ ಕಿರುಚುತ್ತಿಲ್ಲ. ಈ ಒಂದು ವಿಷಯ ತಿಳಿಯದೆ ಎಷ್ಟು ಮನೆಗಳಲ್ಲಿ ಗಂಡಹೆಂಡಿರ ನಡುವೆ ಮಾತೇ ಕಡಿಮೆಯಾಗಿಹೋಗಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ಲಕ್ಷಣವನ್ನೂ ನೀವು ಕಂಡಿರಬಹುದು. "ಕೇಳಿಸುತ್ತೆ, ಏನಂದೆ ಅಂತ ಗೊತ್ತಾಗಲ್ಲ" ಎನ್ನುತ್ತಾರೆ. ಶಬ್ದದಿಂದ ಕೆಡುವ ಕಿವಿ ಎಲ್ಲ ಸ್ವರಗಳಿಗೂ ಒಟ್ಟಿಗೆ ಮಂದವಾಗುವುದಿಲ್ಲ. ಮೊದಲ ಪೆಟ್ಟು ಬೀಳುವುದು 3,000ದಿಂದ 6,000 ಹರ್ಟ್ಸ್ ನಡುವಿನ ಕೀರಲು ಸ್ವರಗಳಿಗೆ, ಅದರಲ್ಲೂ 4,000ದ ಆಸುಪಾಸಿಗೆ. ಮಾತಿನ ಗಟ್ಟಿತನವೆಲ್ಲ ಆ, ಓ, ಊ ಮುಂತಾದ ಸ್ವರಗಳಲ್ಲಿದೆ, ಅವು ಕೆಳಗಿನ ಆವರ್ತನದವು, ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಕ, ಪ ಇಂಥವು ಮೇಲಿನವು, ಮೇಲಾಗಿ ದುರ್ಬಲ. ಹಾಲು, ಸಾಲು, ಕಾಲು, ಪಾಲು ಈ ನಾಲ್ಕನ್ನೂ ಬೆನ್ನ ಹಿಂದೆ ನಿಂತು ಒಂದೊಂದಾಗಿ ಹೇಳಿ ನೋಡಿ. ಕಿವಿ ಕೆಟ್ಟವರಿಗೆ ನಾಲ್ಕರಲ್ಲೂ ಕೇಳಿಸುವುದು "ಆಲು" ಮಾತ್ರ, ಉಳಿದದ್ದನ್ನು ಅವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾರೆ. ಹೆಂಗಸರ, ಮಕ್ಕಳ ತೆಳುದನಿ ಮೊದಲು ಕೈಬಿಡುವುದೂ ಇದರಿಂದಲೇ. ಗಂಡಸರ ಮಾತು ತಿಳಿಯುತ್ತದೆ, ಹೆಂಡತಿಯ ಮಾತು ತಿಳಿಯುವುದಿಲ್ಲ ಎಂದರೆ ಅದು ಅಸಡ್ಡೆ ಇರಲಿಕ್ಕಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಶಬ್ದವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಈ ಅಳತೆ ನಾವು ಅಕ್ಕಿಬೇಳೆ ತೂಗುವ ರೀತಿಯದಲ್ಲ. 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. 80 ಮತ್ತು 100ರ ನಡುವೆ ಇಷ್ಟೇ ತಾನೇ ವ್ಯತ್ಯಾಸ ಎಂದುಕೊಂಡರೆ ಎಡವಿದೆವು. ಮನೆಯೊಳಗಿನ ಸಾಧಾರಣ ಮಾತು 60 ಡೆಸಿಬಲ್ ಆಸುಪಾಸು. ವಾಹನ ಕಿಕ್ಕಿರಿದ ರಸ್ತೆಯ ಪಕ್ಕ 80ರಿಂದ 85. ಲಾಳಿ ಓಡುವ ಮಗ್ಗಗಳ ಷೆಡ್ಡಿನಲ್ಲಿ ಸಾಮಾನ್ಯವಾಗಿ 95ರಿಂದ 100, ಕೆಲವು ಕಡೆ ಇನ್ನೂ ಹೆಚ್ಚು.

"ಇಷ್ಟು ಡೆಸಿಬಲ್ ಸುರಕ್ಷಿತ" ಎಂದು ಒಂದೇ ಅಂಕಿ ಹೇಳಿದರೆ ಅದು ಅರ್ಧ ಉತ್ತರ. ಎಷ್ಟು ಜೋರು ಎನ್ನುವುದರ ಜೊತೆಗೆ ಎಷ್ಟು ಹೊತ್ತು ಎನ್ನುವುದೂ ಸೇರಬೇಕು. ವಿಶ್ವ ಆರೋಗ್ಯ ಸಂಸ್ಥೆ ಇಯರ್‌ಫೋನ್ ಕೇಳುವ ದೊಡ್ಡವರಿಗೆ ಇಟ್ಟಿರುವ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬಲ್. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75. ಪ್ರತಿ 3 ಡೆಸಿಬಲ್ ಏರಿಕೆಗೂ ಹೊತ್ತನ್ನು ಅರ್ಧಕ್ಕಿಳಿಸಬೇಕು. ಹಾಗೆ ಇಳಿಸುತ್ತ ಹೋದರೆ 90 ಡೆಸಿಬಲ್‌ಗೆ ವಾರಕ್ಕೆ 4 ಗಂಟೆ ಸಿಗುತ್ತದೆ, 100ಕ್ಕೆ ವಾರಕ್ಕೆಲ್ಲ ಸೇರಿ ಸುಮಾರು 20 ನಿಮಿಷ. ಕೆಲಸದ ಜಾಗಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್ ಹೇಳುವ ಮಿತಿ ದಿನಕ್ಕೆ 8 ಗಂಟೆ 85 ಡೆಸಿಬಲ್. ಅದೇ ಲೆಕ್ಕ ಹಿಡಿದರೆ 94ಕ್ಕೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ನಿಮ್ಮ ಮಗ್ಗದ ಕೋಣೆಯಲ್ಲಿ 97 ಇದೆ, ಯಜಮಾನರು ದಿನಕ್ಕೆ 10 ಗಂಟೆ ಅಲ್ಲಿರುತ್ತಾರೆ ಎಂದುಕೊಳ್ಳಿ. ಒಂದು ದಿನಕ್ಕೆ ಸಲ್ಲಬೇಕಾದ ಶಬ್ದದ 20 ಪಟ್ಟು ಅವರ ಕಿವಿಗೆ ಬೀಳುತ್ತಿದೆ.

ಈ 85 ಕೂಡ ಪೂರ್ತಿ ನಿರಪಾಯದ ಗೆರೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಲವತ್ತು ವರ್ಷ ಹಾಗೆ ದುಡಿದವರಲ್ಲಿ ನೂರಕ್ಕೆ ಎಂಟು ಮಂದಿಗೆ ಆ ಶಬ್ದದಿಂದಲೇ ಶ್ರವಣದೋಷ ಬರಬಹುದೆಂದು ನಯೋಶ್ ತಾನೇ ಲೆಕ್ಕ ಹಾಕಿದೆ. 90 ಡೆಸಿಬಲ್ ಆದರೆ ನೂರಕ್ಕೆ ಇಪ್ಪತ್ತೈದು. ನಮ್ಮಲ್ಲಿ ಕಾರ್ಖಾನೆಗಳಿಗೆ ಬಹುಕಾಲದಿಂದ ಇಟ್ಟುಕೊಂಡು ಬಂದಿರುವ ಮಿತಿ 8 ಗಂಟೆಗೆ 90. ಅದು ಸಡಿಲವಾಯಿತೆಂಬುದು ನನ್ನ ಖಚಿತ ಅಭಿಪ್ರಾಯ. ಶಬ್ದದಿಂದ ಬರುವ ಕಿವುಡು ಕಾರ್ಖಾನೆಗಳು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಆದರೆ ನಾಲ್ಕು ಮಗ್ಗದ ಮನೆ ಯಾವ ಇನ್‌ಸ್ಪೆಕ್ಟರ ಕಣ್ಣಿಗೂ ಕಾರ್ಖಾನೆಯಲ್ಲ. ನಿಮ್ಮ ಮನೆಯವರ ಕಿವಿ ಕಾಯಲು ಹೊರಗಿನಿಂದ ಯಾರೂ ಬರುವುದಿಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಳೆಯುವ ಉಪಕರಣ ಇಲ್ಲದೆಯೂ ತಿಳಿಯಬಹುದು. ಒಂದು ತೋಳಿನಷ್ಟು ದೂರದಲ್ಲಿ ನಿಂತವರಿಗೆ ಕೇಳಿಸಲು ದನಿ ಏರಿಸಬೇಕಾಯಿತು ಎಂದರೆ ಅಲ್ಲಿ 85 ದಾಟಿರುವ ಸಂಭವ ಬಹಳ. ಮಗ್ಗ ನಿಂತ ಮೇಲೆ ಕಿವಿ ಗುಂಯ್ ಎನ್ನುವುದು, ಹತ್ತಿ ತುರುಕಿದಂತೆ ಮಂಕಾಗುವುದು ಇನ್ನೂ ಖಚಿತ ಸುಳಿವು. ಬೆಳಿಗ್ಗೆ ಏಳುವ ಹೊತ್ತಿಗೆ ಸರಿಯಾಗುತ್ತದಲ್ಲ ಎಂದು ಜನ ಸುಮ್ಮನಾಗುತ್ತಾರೆ. 2009ರಲ್ಲಿ ಬಾಸ್ಟನ್‌ನ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಈ ನೆಮ್ಮದಿಯನ್ನು ಕಲಕಿತು. ಎರಡು ಗಂಟೆ ಜೋರು ಶಬ್ದ ಕೇಳಿದ ಇಲಿಗಳ ಶ್ರವಣ ಕೆಲವು ದಿನಗಳಲ್ಲಿ ಮೊದಲಿನಂತಾಯಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳಲ್ಲಿ, ಕೀರಲು ಸ್ವರಗಳ ಭಾಗದಲ್ಲಿ, ಅರ್ಧದಷ್ಟು ಶಾಶ್ವತವಾಗಿ ಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆಂಬ ಚರ್ಚೆ ಮುಗಿದಿಲ್ಲ. ಆದರೂ ಮಾರನೆಯ ದಿನ ಸರಿಹೋಯಿತೆಂಬುದು ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಾಗದು.

ಮಗ್ಗ ನಿಲ್ಲಿಸಿ ಎಂದು ನಿಮಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಅನ್ನ ಅದರಿಂದ ಬರುತ್ತಿದೆ. ಮಗ್ಗದ ಶಬ್ದದಲ್ಲಿ ದೊಡ್ಡ ಪಾಲು ಲಾಳಿಯನ್ನು ಅತ್ತಿಂದಿತ್ತ ಹೊಡೆಯುವ, ಮತ್ತೆ ತಡೆದು ನಿಲ್ಲಿಸುವ ಏಟಿನದು. ಸವೆದ ಪಿಕ್ಕರು, ಗಟ್ಟಿಯಾಗಿ ಒಣಗಿದ ಚರ್ಮದ ಪಟ್ಟಿ, ಸಡಿಲ ಬೋಲ್ಟು, ಎಣ್ಣೆ ಕಾಣದ ಗೇರು ಇವೆಲ್ಲ ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಇವನ್ನು ಆಗಾಗ ನೋಡಿಕೊಳ್ಳುವುದು ಬಟ್ಟೆಗೂ ಒಳ್ಳೆಯದು, ಕಿವಿಗೂ ಒಳ್ಳೆಯದು. ಮಗ್ಗದ ಕಾಲಡಿ ದಪ್ಪ ರಬ್ಬರ್ ಪ್ಯಾಡ್ ಹಾಕಿದರೆ ನೆಲದ ಮೂಲಕ ಉಳಿದ ಕೋಣೆಗಳಿಗೆ ಹರಿಯುವ ಅದುರು ಕಡಿಮೆಯಾಗುತ್ತದೆ. ಲಾಳಿಯಿಲ್ಲದ ರೇಪಿಯರ್ ಮಗ್ಗಗಳ ಸದ್ದು ಕಡಿಮೆ, ಬೆಲೆ ಮಾತ್ರ ಜಾಸ್ತಿ. ಎಂದಾದರೂ ಮಗ್ಗ ಬದಲಿಸುವ ಯೋಚನೆ ಬಂದರೆ ಕಿವಿಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಬಹುದಾದದ್ದು ಇಯರ್‌ಪ್ಲಗ್. ಮೆತ್ತನೆಯ ಫೋಮಿನ ಸಣ್ಣ ಬೆಣೆಗಳು ಇವು. ಔಷಧಿ ಅಂಗಡಿಯಲ್ಲೋ ಕೈಗಾರಿಕೆಯ ಸುರಕ್ಷಾ ಸಾಮಾನು ಮಾರುವಲ್ಲೋ ಕಡಿಮೆ ಬೆಲೆಗೆ ಸಿಗುತ್ತವೆ. ಹತ್ತಿಯ ಉಂಡೆ ಇದಕ್ಕೆ ಬದಲಿಯಾಗದು, ಅದು ತಡೆಯುವುದು ಕೇವಲ ಕೆಲವು ಡೆಸಿಬಲ್. ಫೋಮ್ ಪ್ಲಗ್ಗನ್ನೂ ಸುಮ್ಮನೆ ಕಿವಿಯ ಬಾಯಿಗೆ ಒತ್ತಿಕೊಂಡರೆ ಹತ್ತಿಗಿಂತ ಹೆಚ್ಚೇನೂ ಆಗುವುದಿಲ್ಲ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆಯುತ್ತ ಹೊಸೆಯುತ್ತ ಸುಕ್ಕಿಲ್ಲದ ತೆಳು ಕಡ್ಡಿಯಷ್ಟಾಗಿಸಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ಗನ್ನು ಒಳಗೆ ಸರಿಸಿ, ಅದು ಉಬ್ಬಿ ದಾರಿ ತುಂಬುವವರೆಗೆ ಅರ್ಧ ನಿಮಿಷ ಬೆರಳ ತುದಿಯಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ತಮ್ಮ ದನಿ ತಮಗೇ ತಲೆಯೊಳಗಿನಿಂದ ಗಡುಸಾಗಿ ಕೇಳಿಸುತ್ತದೆ. ಮುಂದಿನಿಂದ ನೋಡುವವರಿಗೆ ಪ್ಲಗ್ ಹೊರಕ್ಕೆ ಚಾಚಿಕೊಂಡು ಕಾಣಿಸಬಾರದು. ಮೊದಲೆರಡು ದಿನ ನೀವೇ ನಿಂತು ನೋಡಿ.

ಪೊಟ್ಟಣದ ಮೇಲೆ 30 ಡೆಸಿಬಲ್ ಎಂದಿರುತ್ತದೆ, ಅದು ಪ್ರಯೋಗಾಲಯದ ಅಂಕಿ. ನಿತ್ಯದ ಬಳಕೆಯಲ್ಲಿ ಅದರ ಅರ್ಧ ಎಂದಿಟ್ಟುಕೊಳ್ಳಿ. ಅರ್ಧವಾದರೂ 100 ಇದ್ದದ್ದು 85ಕ್ಕೆ ಇಳಿಯಿತು, ಅದು ದೊಡ್ಡ ಲಾಭ. ಆದರೆ ತೆಗೆದು ತೆಗೆದು ಹಾಕಿದರೆ ಆ ಲಾಭ ಸೋರಿಹೋಗುತ್ತದೆ. ದಿನದ ಅರ್ಧ ಹೊತ್ತು ಮಾತ್ರ ಹಾಕಿಕೊಂಡರೆ, ಪ್ಲಗ್ ಎಷ್ಟೇ ಒಳ್ಳೆಯದಿರಲಿ, ಇಡೀ ದಿನಕ್ಕೆ ಸಿಗುವ ರಕ್ಷಣೆ ಬರೀ 3 ಡೆಸಿಬಲ್. ಎಂಟು ಗಂಟೆಯಲ್ಲಿ ಒಂದು ಗಂಟೆ ತೆಗೆದಿಟ್ಟರೂ ಅದು 9ರ ಆಸುಪಾಸಿಗೆ ಕುಸಿಯುತ್ತದೆ. ಮಾತಾಡಬೇಕಾದರೆ ಕೋಣೆಯಿಂದ ಹೊರಗೆ ಬಂದು ತೆಗೆಯಲಿ.

"ಎಳೆ ಕಡಿದರೆ ಗೊತ್ತಾಗಲ್ಲ" ಎಂದು ಅವರು ತಕರಾರು ತೆಗೆಯುತ್ತಾರೆ. ಅದನ್ನು ತಳ್ಳಿಹಾಕಬೇಡಿ, ಅನುಭವಿ ನೇಕಾರರು ಮಗ್ಗವನ್ನು ಕಣ್ಣಿನಷ್ಟೇ ಕಿವಿಯಿಂದಲೂ ನಡೆಸುತ್ತಾರೆ. ಒಂದೆರಡು ವಾರ ಕಷ್ಟವಾಗುತ್ತದೆ. ಆಮೇಲೆ ಪ್ಲಗ್ಗಿನ ಮೂಲಕ ಬರುವ ಮಗ್ಗದ ಹೊಸ ದನಿಗೆ ಮನಸ್ಸು ಹೊಂದಿಕೊಳ್ಳುತ್ತದೆ. ಅವರು ಹೇಳುವ ಒಗ್ಗುವಿಕೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಅವರ ಕಿವಿ ಆಗಲೇ ಸಾಕಷ್ಟು ಕೆಟ್ಟಿದ್ದರೆ ತೀರಾ ಬಿಗಿಯಾದ ಪ್ಲಗ್ಗಿನಿಂದ ಏನೂ ಕೇಳಿಸದಂತಾಗಬಹುದು. ಆಗ ಕಡಿಮೆ ತಡೆಯುವ ಬಗೆಯದನ್ನು ಆಡಿಯಾಲಜಿಸ್ಟರನ್ನು ಕೇಳಿ ಆರಿಸಿಕೊಳ್ಳಲಿ. ಕಿವಿಯೊಳಗಿನ ಸದ್ದು 75ರಿಂದ 80ರ ನಡುವೆ ನಿಂತರೆ ಸಾಕು, ಅದಕ್ಕಿಂತ ಕೆಳಗಿಳಿಸಬೇಕಾಗಿಲ್ಲ.

ಕೂಸಿನ ವಿಷಯದಲ್ಲಿ ರಾಜಿ ಬೇಡ. ತೊಟ್ಟಿಲು ಮಗ್ಗದ ಕೋಣೆಯಲ್ಲಿ ಒಂದು ಗಳಿಗೆಯೂ ಇರಕೂಡದು. ಇರುವುದರಲ್ಲೇ ದೂರದ ಕೋಣೆ ಅವರಿಬ್ಬರಿಗೆ ಕೊಡಿ. ನಡುವೆ ಗೋಡೆ, ಬಿಗಿಯಾಗಿ ಕೂರುವ ಗಟ್ಟಿ ಬಾಗಿಲು ಇದ್ದರೆ 20 ಡೆಸಿಬಲ್‌ನಷ್ಟಾದರೂ ಇಳಿಯುತ್ತದೆ. ಬಾಗಿಲ ಕೆಳಗೆ ಒಂದು ಬೆರಳು ಸಂದು ಬಿಟ್ಟರೆ ಅದರಲ್ಲಿ ಬಹಳಷ್ಟು ವಾಪಸು ಬರುತ್ತದೆ, ಅಲ್ಲಿಗೆ ರಬ್ಬರ್ ಪಟ್ಟಿ ಹೊಡೆಸಿ. ದಿನದ 24 ಗಂಟೆಯ ಸರಾಸರಿ 70 ಡೆಸಿಬಲ್ ಒಳಗಿದ್ದರೆ ಜೀವಮಾನವಿಡೀ ಕಿವಿಗೆ ಹಾನಿಯಿಲ್ಲ ಎಂದು ಅಮೆರಿಕದ ಪರಿಸರ ಸಂಸ್ಥೆ 1974ರಲ್ಲೇ ಹೇಳಿತ್ತು. ಕೂಸು ಮಲಗುವ ಕೋಣೆ ಅದಕ್ಕಿಂತ ಎಷ್ಟೋ ತಣ್ಣಗಿರಬೇಕು. ಅಲ್ಲಿ ಕೂತು ನೀವೂ ಮಗಳೂ ದನಿ ಏರಿಸದೆ ಮಾತಾಡಬಹುದೇ ನೋಡಿ. ಎಳೆಗೂಸಿನ ಕಿವಿಗೆ ಪ್ಲಗ್ ಹಾಕಬಾರದು, ಬಾಣಂತನದ ಸ್ನಾನದಲ್ಲಿ ಎಣ್ಣೆಯನ್ನೂ ಕಿವಿಯೊಳಗೆ ಬಿಡಬಾರದು. ಹುಟ್ಟಿದ ಆಸ್ಪತ್ರೆಯಲ್ಲಿ ಶ್ರವಣ ತಪಾಸಣೆ ಆಗಿತ್ತೇ ಎಂದು ಮಗಳನ್ನು ಕೇಳಿ. ಆಗಿಲ್ಲವೆಂದರೆ ಮೂರು ತಿಂಗಳು ತುಂಬುವುದರೊಳಗೆ ಮಾಡಿಸಿಬಿಡಿ. ಮಗ್ಗಕ್ಕೂ ಇದಕ್ಕೂ ಸಂಬಂಧವಿಲ್ಲ, ಪ್ರತಿ ಮಗುವಿಗೂ ಆಗಬೇಕಾದದ್ದು ಇದು.

ಮಗನ ತೊಂದರೆ ಇಯರ್‌ಫೋನಿಗಿಂತ ಹೆಚ್ಚಾಗಿ ಬಸ್ಸಿನದು. ಓಡುವ ಬಸ್ಸಿನೊಳಗೆ 80ರ ಹತ್ತಿರ ಗದ್ದಲವಿರುತ್ತದೆ. ಹಾಡು ಅದನ್ನು ಮೀರಿ ಕೇಳಿಸಬೇಕಾದರೆ 90ರ ಹತ್ತಿರ ಹೋಗಬೇಕಾಗುತ್ತದೆ. ಮನೆಯಲ್ಲಿ ಮಲಗಿಕೊಂಡು ಕೇಳುವಾಗ ಅಷ್ಟು ಇಟ್ಟರೆ ಅವನಿಗೇ ತಡೆಯುವುದಿಲ್ಲ. ಹಾಗಾಗಿ ಬಸ್ಸು ಹತ್ತುವ ಮುಂಚೆ, ಮನೆಯಲ್ಲಿಯೇ, ಹಾಡಿನ ಪದಗಳು ಸ್ಪಷ್ಟವಾಗುವಷ್ಟಕ್ಕೆ ವಾಲ್ಯೂಮ್ ಇಟ್ಟುಕೊಳ್ಳಲಿ, ಬಸ್ಸಿನಲ್ಲಿ ಅದನ್ನು ಮುಟ್ಟದಿರಲಿ. ಕಿವಿಯನ್ನು ಭದ್ರವಾಗಿ ಮುಚ್ಚುವ ಅಥವಾ ಹೊರಗಿನ ಗದ್ದಲವನ್ನು ರದ್ದು ಮಾಡುವ ಬಗೆಯ ಇಯರ್‌ಫೋನ್ ಇದ್ದರೆ ಕಡಿಮೆ ವಾಲ್ಯೂಮಿನಲ್ಲೇ ಸಾಕಾಗುತ್ತದೆ. ಇದಕ್ಕೆ ಖರ್ಚು ಮಾಡಿದ ಹಣ ವ್ಯರ್ಥವಲ್ಲ, ಆದರೆ ರಸ್ತೆಯಲ್ಲಿ ನಡೆಯುವಾಗ ಅದನ್ನು ತೆಗೆದಿಡಬೇಕು. ಈಗಿನ ಹಲವು ಫೋನುಗಳು ವಾರದಲ್ಲಿ ಎಷ್ಟು ಡೆಸಿಬಲ್ ಎಷ್ಟು ಹೊತ್ತು ಕೇಳಿದಿರಿ ಎಂದು ತೋರಿಸುತ್ತವೆ, ಐಫೋನಿನಲ್ಲಿ ಹೆಲ್ತ್ ಎಂಬ ಆಪ್‌ನಲ್ಲಿ ಸಿಗುತ್ತದೆ. ವಾಲ್ಯೂಮ್ 85 ಡೆಸಿಬಲ್ ದಾಟದಂತೆ ಕಟ್ಟಿಹಾಕುವ ಸೌಲಭ್ಯವೂ ಇದೆ. ಅವನು ಮನೆಗೆ ಬಂದ ಮೇಲೆ ಮಗ್ಗದ ಕೋಣೆಯಲ್ಲೂ ಕೈಜೋಡಿಸುವವನಾದರೆ ಎರಡೂ ಒಂದೇ ಕಿವಿಯ ಲೆಕ್ಕಕ್ಕೆ ಕೂಡಿಕೊಳ್ಳುತ್ತವೆ, ಅದನ್ನು ಅವನಿಗೆ ಬಿಡಿಸಿ ಹೇಳಿ. 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಜನ ಇಂಥ ಕೇಳುವಿಕೆಯಿಂದ ಶ್ರವಣ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮಿಕ್ಸಿ, ಕುಕ್ಕರಿಗೆ ಹೆದರಬೇಕಾಗಿಲ್ಲ. ಮಿಕ್ಸಿ 85, 90ರವರೆಗೆ ಹೋಗುವುದು ನಿಜ, ಆದರೆ ಚಟ್ನಿಗೆ ಮೂರು ನಾಲ್ಕು ನಿಮಿಷ ಸಾಕು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅದನ್ನು ಓಡಿಸಬೇಡಿ, ಅಷ್ಟೇ ಎಚ್ಚರ.

ಹಬ್ಬದ ಡಿಜೆ ಬೇರೆಯ ಮಾತು. ಗಣೇಶನ ಮೆರವಣಿಗೆಯಲ್ಲಿ ಸ್ಪೀಕರ್ ಪೇರಿಸಿದ ಟ್ರ್ಯಾಕ್ಟರಿನ ಹತ್ತಿರ 100, 110 ಡೆಸಿಬಲ್ ಇರುವುದು ಸಾಮಾನ್ಯ. 110ಕ್ಕೆ ವಾರದ ಮಿತಿ ಎರಡೂವರೆ ನಿಮಿಷ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಮೂರು ಸಲ ಹಾಗೆ ಹಿಂದೆ ಸರಿದರೆ 18. ಸ್ಪೀಕರಿನ ಎದುರು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ ತಂದೆಯರನ್ನು ಪ್ರತಿ ವರ್ಷ ನೋಡುತ್ತೇನೆ. ಮಗು ಕಿವಿ ಮುಚ್ಚಿಕೊಂಡು ಅಳುತ್ತಿದ್ದರೆ ಅದು ಹಟವಲ್ಲ, ನೋವು. ದಯವಿಟ್ಟು ಮನೆಗೆ ಕರೆದುಕೊಂಡು ಹೋಗಿ.

ಪಟಾಕಿ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಹೊತ್ತಿನ ಲೆಕ್ಕಕ್ಕೆ ಸಿಗುವುದೇ ಇಲ್ಲ. ಜೋರು ಸದ್ದಿಗೆ ನಡುಗಿವಿಯ ಒಂದು ಪುಟ್ಟ ಸ್ನಾಯು ಬಿಗಿದುಕೊಂಡು ಒಂದಿಷ್ಟು ತಡೆಯೊಡ್ಡುತ್ತದೆ. ಪಟಾಕಿ ಅದು ಬಿಗಿಯುವ ಮೊದಲೇ ಸಿಡಿದು ಮುಗಿದಿರುತ್ತದೆ. ನಮ್ಮ ಕಾನೂನು 4 ಮೀಟರ್ ದೂರದಲ್ಲಿ 125 ಡೆಸಿಬಲ್, ಕ್ಷಣಮಾತ್ರದ ಗರಿಷ್ಠ ಒತ್ತಡ ಅಳೆದರೆ 145 ಡೆಸಿಬಲ್‌ವರೆಗಿನ ಪಟಾಕಿಯನ್ನು ಒಪ್ಪುತ್ತದೆ. ಅಂಥ ಕ್ಷಣಿಕ ಸಿಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ದೊಡ್ಡವರಿಗೆ 140, ಮಕ್ಕಳಿಗೆ 120. ಅಂದರೆ ಕಾನೂನು ಒಪ್ಪಿದ ಪಟಾಕಿಯೂ ಮಗುವಿನ ಕಿವಿಗೆ ಸುರಕ್ಷಿತವೆಂದು ಹೇಳಲಾಗದು. ಸುರುಸುರು ಬತ್ತಿ, ಹೂಕುಂಡ ಸಾಕು.

ಕಾನೂನಿನ ಇನ್ನೊಂದು ಅಂಕಿಯ ಬಗ್ಗೆ ಗೊಂದಲವಾಗುವುದುಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಹಾಗಾದರೆ 60 ಆದರೆ ಕಿವಿ ಹೋಗುತ್ತದೆಯೇ? ಇಲ್ಲ. ಅದು ನಿದ್ದೆ, ನೆಮ್ಮದಿ, ರಕ್ತದೊತ್ತಡ ಇವನ್ನು ಕಾಯುವ ಅಂಕಿ. 85 ಕಿವಿಯನ್ನು ಕಾಯುವ ಅಂಕಿ. ಕಿವಿ ಕೆಡಿಸದ ಶಬ್ದವೂ ಆರೋಗ್ಯ ಕೆಡಿಸಬಲ್ಲದು ಎಂಬ ಕಾರಣಕ್ಕೇ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧಿಸಿರುವುದು. ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಅವಕಾಶ ಕೊಡಬಹುದು. ಬಾಣಂತಿ, ಕೂಸು ಇರುವ ಮನೆಯ ಪಕ್ಕ ಅದನ್ನು ಮೀರಿ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಲು ಸಂಕೋಚಪಡಬೇಡಿ.

ಇನ್ನು ಪರೀಕ್ಷೆ. ಯಜಮಾನರನ್ನು ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕುಗ್ಗೆಯೋ ಸೋಂಕೋ ಇದ್ದರೆ ಅದು ಸುಲಭದಲ್ಲಿ ಗುಣವಾಗುವಂಥದ್ದು. ಆಮೇಲೆ ಆಡಿಯೋಗ್ರಾಂ. ಹೊರಗಿನ ಸದ್ದು ಬಾರದ ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ತೀರಾ ಸಣ್ಣ ಕೂಗು ಕೇಳಿಸಿದಾಗಲೆಲ್ಲ ಅದನ್ನು ಒತ್ತಬೇಕು. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ. ಕೊನೆಗೆ ಕೈಗೆ ಬರುವ ನಕ್ಷೆಯಲ್ಲಿ 4,000ದ ಹತ್ತಿರ ಗೆರೆ ಕೆಳಕ್ಕೆ ಕುಸಿದು 8,000ದ ಹೊತ್ತಿಗೆ ಮತ್ತೆ ಮೇಲೆದ್ದಿದ್ದರೆ ಅದು ಶಬ್ದದ ಗುರುತು. ವಯಸ್ಸಿನಿಂದ ಬರುವ ಮಂದತೆಯಲ್ಲಿ ಗೆರೆ ಹೀಗೆ ಮೇಲೇಳುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಿ, ರಾಷ್ಟ್ರೀಯ ಕಿವುಡುತನ ತಡೆ ಕಾರ್ಯಕ್ರಮದಡಿ ಹಲವು ಕಡೆ ಈ ವ್ಯವಸ್ಥೆಯಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಶ್ರವಣಯಂತ್ರ ಬೇಕೆಂದು ಹೇಳಿದರೆ ತಡಮಾಡಬೇಡಿ. ಸತ್ತ ಕೋಶ ಅದರಿಂದ ಬದುಕುವುದಿಲ್ಲ, ಆದರೆ ಅವರ ನಕ್ಷೆಗೆ ತಕ್ಕಂತೆ ಹೊಂದಿಸಿದ ಯಂತ್ರ ಸಣ್ಣ ದನಿಯನ್ನಷ್ಟೇ ಹಿಗ್ಗಿಸಿ, ಜೋರಿನದನ್ನು ಅಂಕೆಯಲ್ಲಿಡುತ್ತದೆ. ನಿಮ್ಮ ಮನೆಯ ಜಗಳಕ್ಕೆ ಬೇಕಾದದ್ದೂ ಅದೇ. ಅಲ್ಲಿಯವರೆಗೆ ದನಿ ಏರಿಸುವ ಬದಲು ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ.

ಒಂದು ಸಂದರ್ಭದಲ್ಲಿ ಮಾತ್ರ ದಿನ ನೋಡುತ್ತ ಕೂರಬಾರದು. ಯಾರಿಗೇ ಆಗಲಿ, ಒಂದು ಕಿವಿ ಇದ್ದಕ್ಕಿದ್ದಂತೆ, ಒಂದೆರಡು ದಿನದೊಳಗೆ ಮುಚ್ಚಿಹೋದಂತಾದರೆ, ಇಲ್ಲವೇ ಪಟಾಕಿ ಸಿಡಿದ ಮೇಲೆ ಕಿವಿಯಿಂದ ರಕ್ತ, ನೀರು ಬಂದರೆ ಅವತ್ತೇ ಡಾಕ್ಟರ ಬಳಿ ಹೋಗಿ. ಹಠಾತ್ ಕಿವುಡಿಗೆ ಔಷಧಿ ಕೆಲಸ ಮಾಡುವುದು ಬೇಗ ಶುರು ಮಾಡಿದರೆ ಮಾತ್ರ.

ಯಜಮಾನರ ಪರೀಕ್ಷೆಗೆ ದಿನ ಗೊತ್ತು ಮಾಡುವಾಗ ಒಂದು ವಿಷಯ ನೆನಪಿಡಿ. ಹಿಂದಿನ 14 ಗಂಟೆಯಾದರೂ ಅವರು ಮಗ್ಗದ ಸದ್ದಿನಿಂದ ದೂರವಿರಬೇಕು. ಇಲ್ಲವಾದರೆ ಅಂದಿನ ತಾತ್ಕಾಲಿಕ ಮಂಕೂ ನಕ್ಷೆಯಲ್ಲಿ ಸೇರಿಕೊಂಡು ಕಿವಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಮಗ್ಗಕ್ಕೆ ರಜೆಯಿದ್ದ ದಿನದ ಮಾರನೆಯ ಬೆಳಿಗ್ಗೆ, ಸ್ವಿಚ್ ಹಾಕುವ ಮುಂಚೆಯೇ ಕರೆದುಕೊಂಡು ಹೊರಡಿ. ಮಗನನ್ನೂ ಜೊತೆಗೆ ಕರೆದೊಯ್ಯಿರಿ, ಅವನದೂ ಒಂದು ನಕ್ಷೆ ತೆಗೆಸಿ. ಎರಡನ್ನೂ ಜೋಪಾನವಾಗಿ ಎತ್ತಿಟ್ಟುಕೊಂಡು, ಮುಂದಿನ ವರ್ಷ ಇದೇ ತಿಂಗಳು ಹೊಸದು ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ. ಯಜಮಾನರ ಗೆರೆ ಇನ್ನೂ ಇಳಿದಿದ್ದರೆ ಪ್ಲಗ್ ಸರಿಯಾಗಿ ಕೂರುತ್ತಿಲ್ಲದಿರಬಹುದು.